ಸರ್ಕಾರಿ ಶಾಲೆ ಮಕ್ಕಳಿಗೆ ಕಥೆಪುಸ್ತಕ: 140 ಮಕ್ಕಳು, 45,000 ರೂಪಾಯಿ. ಹೇಗೆ ಹಂಚೋದು?

ನೀಲಿಶಾಯಿ
ಎಲ್ಲರಿಗೂ ನಮಸ್ಕಾರ. ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಮೂರು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳು, 1ರಿಂದ 5ನೇ ತರಗತಿ, ಮೂರೂ ಸೇರಿ 140 ಮಕ್ಕಳು. ಗೆಳೆಯರೆಲ್ಲ ಹಾಕಿದ ದುಡ್ಡು 45,000 ರೂಪಾಯಿ ಇದೆ. ಪಠ್ಯಪುಸ್ತಕ, ಸಮವಸ್ತ್ರ ಸರ್ಕಾರದಿಂದಲೇ ಬರುತ್ತೆ. ಇಲ್ಲದೇ ಇರೋದು ಮನೆಗೆ ಒಯ್ದು ಓದೋ ಕಥೆಪುಸ್ತಕ. ಮಗುವಿಗೆ ಮೂರರಂತೆ ಸ್ವಂತಕ್ಕೇ ಕೊಟ್ಟುಬಿಡೋಣ ಅಂತ ನನ್ನ ಆಸೆ. ಉಳಿದವರು ಶಾಲೆಗೇ ಕೊಡೋಣ, ಎಲ್ಲರಿಗೂ ಆಗುತ್ತೆ ಅಂತಾರೆ. ಒಂದು ಅಪಾರ್ಟ್‌ಮೆಂಟಿನವರು ಹಳೇ ಪುಸ್ತಕ ಆರು ಡಬ್ಬ ಕೊಡ್ತೀವಿ ಅಂದಿದ್ದಾರೆ. ನವೆಂಬರ್ 14ಕ್ಕೆ ಒಂದು ಕಾರ್ಯಕ್ರಮ ಇಟ್ಟುಕೊಳ್ಳೋ ಮಾತೂ ಇದೆ. ಈ ಕೆಲಸ ಗೊತ್ತಿರೋರು ದಯವಿಟ್ಟು ಹೇಳಿ, ಎಲ್ಲಿಂದ ಶುರು ಮಾಡೋದು?

ಸುಣ್ಣದಗೋಡೆ
ನವೆಂಬರ್ 14 ಬೇಡ. ಆ ವಾರ ದಾನಿಗಳೆಲ್ಲ ಒಟ್ಟಿಗೇ ಬರ್ತಾರೆ, ಮಕ್ಕಳು ಸಾಲಲ್ಲಿ ನಿಂತು ಫೋಟೊ ತೆಗೆಸಿಕೊಂಡು ಸುಸ್ತಾಗಿರ್ತಾರೆ. ಪುಸ್ತಕ ಬಿಚ್ಚಿ ನೋಡೋಕೂ ಸಮಯ ಸಿಗಲ್ಲ.

ಕಾಗುಣಿತ
ಖರೀದಿಗೆ ಮೊದಲು ಮಕ್ಕಳು ಎಷ್ಟು ಓದ್ತಾರೆ ಅಂತ ನೋಡಿ. ತರಗತಿ ನೋಡಿ ಪುಸ್ತಕ ತಂದರೆ ಅರ್ಧ ದುಡ್ಡು ನೀರಿಗೆ ಹಾಕಿದ ಹಾಗೆ. ಐದನೇ ತರಗತಿಯಲ್ಲೂ ಪದ ಕೂಡಿಸಿ ಓದೋಕೆ ಕಷ್ಟಪಡೋ ಮಕ್ಕಳು ಇರ್ತಾರೆ.

ಹಳ್ಳಿ ಮಕ್ಕಳ ಓದು-ಲೆಕ್ಕ ಅಳೆಯೋ ಅಸರ್ ಸಮೀಕ್ಷೆಯವರ ಓದಿನ ಹಾಳೆ ಕನ್ನಡದಲ್ಲೇ ಸಿಗುತ್ತೆ. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ, ಇಷ್ಟೇ ಅದರಲ್ಲಿರೋದು. ಮೊದಲು ಪ್ಯಾರಾ ಓದಿಸಿ. ಮೂರು ತಪ್ಪಿನೊಳಗೆ ಸಲೀಸಾಗಿ ಓದಿದರೆ ಕಥೆ ಕೊಡಿ. ತಡವರಿಸಿದರೆ ಕೆಳಗಿಳಿದು ಪದ ಕೊಡಿ, ಐದರಲ್ಲಿ ನಾಲ್ಕು ಸರಿ ಬರಬೇಕು. ಅದೂ ಆಗದಿದ್ದರೆ ಅಕ್ಷರ, ಅಲ್ಲೂ ಐದರಲ್ಲಿ ನಾಲ್ಕು. ಒಂದು ಮಗುವಿಗೆ ನಾಲ್ಕು ನಿಮಿಷ ಹಿಡಿಯಿರಿ. 140 ಮಕ್ಕಳಿಗೆ ಒಂಬತ್ತೂವರೆ ಗಂಟೆ ಹತ್ತಿರ, ಇಬ್ಬರು ಕೂತರೆ ಒಂದು ದಿನದ ಕೆಲಸ. ಮಗುವನ್ನ ಬೇರೆ ಮಕ್ಕಳಿಂದ ಸ್ವಲ್ಪ ದೂರ, ಮರದ ಕೆಳಗೋ ಜಗುಲಿ ಮೇಲೋ ಕೂರಿಸಿ. ಎಲ್ಲರ ಮುಂದೆ ಓದಿಸಿದರೆ ಬರೋ ಮಗುವೂ ಬಾಯಿ ಬಿಡಲ್ಲ.

ನೀಲಿಶಾಯಿ
ಒಂದು, ಎರಡನೇ ತರಗತಿಯವರಿಗೂ ಈ ಪರೀಕ್ಷೆ ಬೇಕಾ?

ಕಾಗುಣಿತ
ಒಂದನೇ ತರಗತಿಗೆ ಬೇಡ. ಅವರಿಗೆ ಅಕ್ಷರವೇ ಇಲ್ಲದ ಚಿತ್ರಪುಸ್ತಕ, ಇಲ್ಲವೇ ಪುಟಕ್ಕೆ ಒಂದು ಸಾಲು ಇರೋದು. ಇನ್ನೊಂದು ವಿಷಯ ನೆನಪಿಡಿ. 1ರಿಂದ 3ನೇ ತರಗತಿ ನಲಿ-ಕಲಿ, ಅಂದರೆ ಸರ್ಕಾರಿ ಶಾಲೆಯಲ್ಲಿ ಚಟುವಟಿಕೆ ಮೂಲಕ ಕಲಿಸೋ ಪದ್ಧತಿ. ಅಲ್ಲಿ ಅ ಆ ಇ ಈ ಕ್ರಮದಲ್ಲಿ ಕಲಿಸಲ್ಲ, ರ ಗ ಸ ದ ಅ ಮೊದಲು ಬರುತ್ತೆ. ಹಾಗಾಗಿ ಮೊದಲ ವಾರಗಳಲ್ಲೇ ‘ಸರ’, ‘ಅರಸ’, ‘ಅಗಸ’ ಓದೋ ಮಗುವಿಗೆ ‘ಆನೆ’ ಓದೋಕೆ ಬರದೇ ಇರಬಹುದು. ವರ್ಣಮಾಲೆ ಪುಸ್ತಕ 140 ತಂದು ಹಂಚೋರು ಇದನ್ನ ಯೋಚಿಸಲ್ಲ.

ಒತ್ತಕ್ಷರ ಎಷ್ಟಿದೆ ಅಂತಲೂ ನೋಡಿ. ಸಜಾತಿ ಒತ್ತು, ಅಂದರೆ ಅಕ್ಕ, ಅಪ್ಪ, ಬೆಕ್ಕು, ಬೇಗ ಹಿಡಿತಕ್ಕೆ ಬರುತ್ತೆ. ವಿಜಾತಿ ಒತ್ತು, ಅಂದರೆ ಪುಸ್ತಕ, ಭಕ್ತಿ ಥರ ಬೇರೆ ಅಕ್ಷರದ ಒತ್ತು, ತಡ. ಅರ್ಕಾವೊತ್ತು ಇನ್ನೂ ತಡ, ಯಾಕಂದ್ರೆ ‘ಸೂರ್ಯ’ದಲ್ಲಿ ಬಾಯಲ್ಲಿ ಮೊದಲು ಬರೋ ರಕಾರವನ್ನ ಹಾಳೆ ಮೇಲೆ ಕೆಲವು ಪುಸ್ತಕದಲ್ಲಿ ಅಕ್ಷರದ ಹಿಂದೆ ‘೯’ದ ಹಾಗೆ ಬರೆದಿರ್ತಾರೆ, ಇನ್ನು ಕೆಲವದರಲ್ಲಿ ‘ರ’ ಬರೆದು ‘ಯ’ ಒತ್ತು ಕೊಟ್ಟಿರ್ತಾರೆ. ಒಂದೇ ಮಗುವಿನ ಕೈಗೆ ಎರಡೂ ಬಗೆ ಬಂದರೆ ಗೊಂದಲ. ಪದ ಮಟ್ಟದ ಮಕ್ಕಳಿಗೆ ಕೊಡೋ ಪುಸ್ತಕವನ್ನ ನಡುವೆ ಎಲ್ಲಾದ್ರೂ ತೆರೆದು ಒಂದು ಪುಟ ಓದಿ. ವಿಜಾತಿ ಒತ್ತಿನ ಪದ ಐದಕ್ಕಿಂತ ಹೆಚ್ಚು ಸಿಕ್ಕರೆ ಪಕ್ಕಕ್ಕಿಡಿ.

ಬಿಸಿಲೂರು
ನೀಲಿಶಾಯಿ ಅಣ್ಣಾರ, ನಮ್ಮ ಕಡೆ ತಾಂಡಾದ ಮಕ್ಕಳೂ ಆ ಸಾಲ್ಯಾಗ ಇರ್ತಾವ. ಮನಿಯಾಗ ಲಂಬಾಣಿ ಮಾತಾಡ್ತಾವ, ಸಾಲಿಗೆ ಬಂದ ಮ್ಯಾಲೆ ಕನ್ನಡ. ಬೆಂಗಳೂರು-ಮೈಸೂರು ಕನ್ನಡದ ಪುಸ್ತಕ ಅಂದ್ರ ಅವಕ್ಕ ಎರಡೆರಡು ಭಾಷಾ ಕಲತಂಗ. ಚಿತ್ರದಾಗ ಎಲ್ಲಾ ತಿಳಿಯುವಂಥವು ತರ್ರಿ. ಜ್ವಾಳ, ಹತ್ತಿ ಹೊಲ, ಕುರಿ, ಟ್ರ್ಯಾಕ್ಟರ್, ಸಂತಿ ಇದ್ರ ತಾವ ಮಾತಾಡಕ ಸುರು ಮಾಡ್ತಾವ.

ಇನ್ನೊಂದು. ಜೂನ್ ತಿಂಗಳದಾಗ ಹಂಚಬ್ಯಾಡ್ರಿ. ದುಡಿಯಾಕ ಊರು ಬಿಟ್ಟು ಗುಳೇ ಹೋದ ಮನಿಯವ್ರು ಅಷ್ಟರಾಗ ಎಲ್ಲಾರೂ ತಿರುಗಿ ಬಂದಿರಂಗಿಲ್ಲ. ಯಾವ ಮಕ್ಕಳಿಗೆ ಪುಸ್ತಕ ಭಾಳ ಬೇಕಾಗ್ಯದ, ಅವೇ ತಪ್ಪಿ ಹೋಗ್ತಾವ. ಜುಲೈ ನಡುವ ಮಾಡ್ರಿ, ಮತ್ತ ಒಂದಿಷ್ಟು ಏಪ್ರಿಲ್ ಮೊದಲ್ನೇ ವಾರಕ್ಕ ಇಟ್ಕೊಳ್ರಿ. ರಜಾದಾಗ ಸಾಲಿಗೆ ಬೀಗ, ಪುಸ್ತಕಕ್ಕೂ ಬೀಗ.

ಸುಣ್ಣದಗೋಡೆ
ಇದು ಬಹಳ ಮುಖ್ಯ. ಗುಳೆ ಹೋಗೋ ಮಗುವಿಗೆ ಶಾಲೆ ಲೈಬ್ರರಿ ಇದ್ದೂ ಇಲ್ಲ. ಸ್ವಂತ ಪುಸ್ತಕವಾದರೆ ಬಟ್ಟೆ ಗಂಟಿನ ಜೊತೆ ಹೋಗುತ್ತೆ.

ರ್‍ಯಾಕ್‌ನಂಬರ್7
ಸ್ವಂತಕ್ಕೆ ಕೊಡೋದನ್ನ ನಾನು ಒಪ್ಪಲ್ಲ. ಮಗುವಿಗೆ ಮೂರು ಪುಸ್ತಕ ಅಂದರೆ ಒಂದು ವಾರದ ಓದು. ಅದೇ 420 ಪುಸ್ತಕ ಮೂರು ಶಾಲೆಗೆ ಹಂಚಿದರೆ ಶಾಲೆಗೆ 140. ಒಂದು ಮಗು ವರ್ಷಕ್ಕೆ ನಲವತ್ತು ಓದಬಹುದು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಪ್ರತಿ ಶಾಲೆಗೂ ಗ್ರಂಥಾಲಯ ಇರಬೇಕು, ಕಥೆಪುಸ್ತಕವೂ ಇರಬೇಕು ಅಂತಿದೆ. ಆ ವ್ಯವಸ್ಥೆಯನ್ನ ಗಟ್ಟಿ ಮಾಡಿ. ಗ್ರಂಥಾಲಯ ಶಾಸ್ತ್ರದ ರಂಗನಾಥನ್ ಅವರು 1931ರಲ್ಲಿ ಬರೆದ ಮೊದಲ ಸೂತ್ರವೇ ಪುಸ್ತಕ ಇರೋದು ಬಳಕೆಗೆ ಅನ್ನೋದು. ಮನೆಯ ಪೆಟ್ಟಿಗೆ ಸೇರಿದ ಪುಸ್ತಕ ಬಳಕೆಯಾಗಲ್ಲ.

ಸುಣ್ಣದಗೋಡೆ
ಶಾಲೆ ಬೀರು ಸೇರಿದ ಪುಸ್ತಕವೂ ಬಳಕೆಯಾಗಲ್ಲ, ಅಲ್ವಾ? ಬೀಗ ಯಾಕೆ ಬೀಳುತ್ತೆ ಅಂತ ಯೋಚಿಸಿ. ಮೇಷ್ಟ್ರಿಗೆ ಮನಸ್ಸಿಲ್ಲ ಅಂತಲ್ಲ. ದಾಸ್ತಾನು ವಹಿಯಲ್ಲಿ ಏರಿಸಿದ ಪುಸ್ತಕ ಕಳೆದರೆ ಮುಖ್ಯ ಶಿಕ್ಷಕರು ಉತ್ತರ ಹೇಳಬೇಕು, ವರ್ಗಾವಣೆ ಆದಾಗ ಎಣಿಸಿ ಕೊಡಬೇಕು. ಆ ಭಯಕ್ಕೆ ಬೀಗ.

ಇದಕ್ಕೆ ದಾರಿ ಇದೆ. ಪುಸ್ತಕವನ್ನ ಎರಡು ಪಟ್ಟಿ ಮಾಡಿ. ಮಕ್ಕಳ ಸ್ವಂತಕ್ಕೆ ಹೋಗೋದು ವಹಿಗೆ ಏರೋದೇ ಬೇಡ. ಅದಕ್ಕೆ ಹಂಚಿಕೆ ಪಟ್ಟಿ: ಮಗುವಿನ ಹೆಸರು, ತರಗತಿ, ಪುಸ್ತಕದ ಹೆಸರು, ಸಹಿ. ತರಗತಿ ಮೂಲೆಯಲ್ಲಿ ಎಲ್ಲ ಮಕ್ಕಳ ಕೈಗೆ ಸಿಗೋ ಹಾಗೆ ಇಡೋದಕ್ಕೆ ಬೇರೆ ಪತ್ರ ಬರೆದು ಎಸ್‌ಡಿಎಂಸಿ (ಪೋಷಕರಿರೋ ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು, ಮುಖ್ಯ ಶಿಕ್ಷಕರು ಇಬ್ಬರಿಗೂ ಕೊಡಿ: ‘ಇವು ಮಕ್ಕಳ ಕೈಬಳಕೆಗೆ. ಹರಿದರೆ, ಕಳೆದರೆ ಯಾರಿಂದಲೂ ವಸೂಲಿ ಬೇಡ.’ ಎಸ್‌ಡಿಎಂಸಿ ಸಭೆಯಲ್ಲಿ ಇದನ್ನ ನಡಾವಳಿಗೆ ಸೇರಿಸಿದರೆ ಮೇಷ್ಟ್ರಿಗೆ ಧೈರ್ಯ ಬರುತ್ತೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಒಂದು ಪ್ರತಿ ಮೊದಲೇ ಹೋಗಿರಲಿ.

ರ್‍ಯಾಕ್‌ನಂಬರ್7
ವಸೂಲಿ ಬೇಡ ಅನ್ನೋ ಪತ್ರ ಒಳ್ಳೆಯದು, ಒಪ್ಪಿದೆ. ಹಾಗಾದರೆ ಎರಡೂ ಮಾಡಿ. ಲೆಕ್ಕ ಹಾಕೋಣ. 16ರಿಂದ 24 ಪುಟದ ಬಣ್ಣದ ಪುಸ್ತಕ ಸರಾಸರಿ 60 ರೂಪಾಯಿ ಹಿಡಿಯಿರಿ. 600 ಪುಸ್ತಕಕ್ಕೆ 36,000. ಜುಲೈನಲ್ಲಿ ಮಗುವಿಗೆ ಎರಡರಂತೆ 280, ಆದರೆ ನೆಲದ ಮೇಲೆ ಹರಡೋದು 400. ಮಕ್ಕಳೇ ಆರಿಸಲಿ. ಉಳಿದ 120 ಶಾಲೆಗೆ 40ರಂತೆ ತರಗತಿ ಮೂಲೆಗೆ. ಏಪ್ರಿಲ್‌ನಲ್ಲಿ ಮಗುವಿಗೆ ಒಂದರಂತೆ 140, ಹರಡೋದು 200, ಉಳಿದ 60 ಮತ್ತೆ ಮೂಲೆಗೆ. ಇನ್ನೂ 9,000 ಸಾಗಣೆ, ಚೀಲ, ದಾರಕ್ಕೆ ಕೈಯಲ್ಲಿರುತ್ತೆ.

ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಯೋಜನೆಯಿಂದ ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿವರೆಗೆ ಗ್ರಂಥಾಲಯ ಅನುದಾನ ಇದೆ. ಅದರಲ್ಲಿ ಈಗಾಗಲೇ ಏನೇನು ಬಂದಿದೆ ಅಂತ ಮೊದಲು ಪಟ್ಟಿ ಕೇಳಿ. ಇರೋದನ್ನೇ ಮತ್ತೆ ಕೊಳ್ಳಬೇಡಿ.

ಗುಬ್ಬಿಗೂಡು
ಆರಿಸೋಕೆ ಬಿಡೋದು ಸರಿ, ಆದರೆ ಕ್ರಮ ಮುಖ್ಯ. ಐದನೇ ತರಗತಿಯವರನ್ನ ಮೊದಲು ಬಿಟ್ಟರೆ ಹೊಳೆಯೋ ಪುಸ್ತಕವೆಲ್ಲ ಖಾಲಿ. ಚಿಕ್ಕವರು ಮೊದಲು, ಒಂದು ಸಲಕ್ಕೆ ಹತ್ತು ಮಕ್ಕಳು, ಹತ್ತು ನಿಮಿಷ. ಓದಿನ ಮಟ್ಟದ ಪ್ರಕಾರ ಮೂರು ಜಮಖಾನೆ ಹಾಸಿ, ಆದರೆ ಮೇಲೆ ‘ಸುಲಭ’, ‘ಕಷ್ಟ’ ಅಂತ ಚೀಟಿ ಅಂಟಿಸಬೇಡಿ. ಕೆಂಪು, ಹಳದಿ, ಹಸಿರು ಬಟ್ಟೆ ಸಾಕು. ಮಗು ಬೇರೆ ಜಮಖಾನೆಯಿಂದ ತಗೊಂಡರೂ ಕಿತ್ತುಕೊಳ್ಳಬೇಡಿ. ಎರಡರಲ್ಲಿ ಒಂದು ಓದಬಲ್ಲದ್ದು, ಇನ್ನೊಂದು ಅದಕ್ಕೆ ಇಷ್ಟವಾದದ್ದು ಇರಲಿ.

ದೊಡ್ಡ ಮಕ್ಕಳು ಪದ ಮಟ್ಟದಲ್ಲಿದ್ದರೆ ‘ಕಾಗೆ ಬಂತು, ಗುಬ್ಬಿ ಬಂತು’ ಪುಸ್ತಕ ಕೊಟ್ಟು ಅವಮಾನ ಮಾಡಬೇಡಿ. ಹಾವು, ಬಾಹ್ಯಾಕಾಶ, ವಾಹನ, ಕಬಡ್ಡಿ ಬಗ್ಗೆ ಕಡಿಮೆ ಮಾತಿನ, ನಿಜವಾದ ಫೋಟೊ ಇರೋ ಪುಸ್ತಕ ಹುಡುಕಿ.

ಕಾಗುಣಿತ
ಗುಬ್ಬಿಗೂಡು ಹೇಳಿದ್ದಕ್ಕೆ ನೂರು ಅಂಕ. ಎಲ್ಲಿ ಸಿಗುತ್ತೆ ಅಂದರೆ, ಪ್ರಥಮ್ ಬುಕ್ಸ್, ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆ, ನವಕರ್ನಾಟಕ, ತೂಲಿಕಾದ ಕನ್ನಡ-ಇಂಗ್ಲಿಷ್ ದ್ವಿಭಾಷಾ ಪುಸ್ತಕಗಳು. ಒಂದೇ ಕಡೆ 600 ಕೊಳ್ಳಬೇಡಿ, ಚಿತ್ರದ ಶೈಲಿ ಎಲ್ಲ ಒಂದೇ ಆಗಿಬಿಡುತ್ತೆ. ಏಪ್ರಿಲ್ ಕಂತನ್ನ ನವೆಂಬರ್ ರಾಜ್ಯೋತ್ಸವದ ರಿಯಾಯಿತಿ ಮಾರಾಟದಲ್ಲಿ ಕೊಂಡಿಟ್ಟರೆ ಉಳಿತಾಯ.

ಪ್ರೆಸ್‌ಮಸಿ
ಕೊಳ್ಳುವಾಗ ಹೊಲಿಗೆ ನೋಡಿ. ಬರೀ ಗೋಂದಿನ ಬೈಂಡಿಂಗ್ ಆದರೆ ರಾಯಚೂರು ಸೀಮೆ ಬಿಸಿಲಿಗೆ ಅಂಟು ಒಣಗಿ ಬೆನ್ನು ಬಿರಿಯುತ್ತೆ, ಹಾಳೆ ಒಂದೊಂದಾಗಿ ಉದುರುತ್ತೆ. 32 ಪುಟದೊಳಗಿನ ಪುಸ್ತಕಕ್ಕೆ ನಡುವೆ ಎರಡು ಪಿನ್ನು ಹೊಡೆದದ್ದೇ ಒಳ್ಳೆಯದು, ಪೂರ್ತಿ ಬಿಚ್ಚಿ ನೆಲದ ಮೇಲೆ ಇಟ್ಟು ಓದಬಹುದು. ರಕ್ಷಾಪುಟ 220ರಿಂದ 250 ಜಿಎಸ್‌ಎಂ (ಚದರ ಮೀಟರ್ ಕಾಗದದ ತೂಕ ಗ್ರಾಮಿನಲ್ಲಿ), ಲ್ಯಾಮಿನೇಷನ್ ಆಗಿರಬೇಕು.

ಕಡಲತಡಿ
ನಮ್ಮಲ್ಲಿ ಪಿನ್ನಿನ ಪುಸ್ತಕ ಎರಡು ಮಳೆಗಾಲ ಬಾಳುವುದಿಲ್ಲ ಮಾರಾಯ್ರೆ. ತುಕ್ಕು ಹಿಡಿದು ನಡುಪುಟ ಕಂದು ಬಣ್ಣ ಆಗಿ ಹರಿಯುತ್ತದೆ. ಕರಾವಳಿ, ಮಲೆನಾಡಿಗೆ ದಾರದ ಹೊಲಿಗೆಯೇ ಬೇಕು.

ಪ್ರೆಸ್‌ಮಸಿ
ಹೌದು, ಮಳೆ ಸೀಮೆಗೆ ದಾರವೇ. ಪಿನ್ನಿನ ಪುಸ್ತಕವೇ ಇದ್ದರೆ ಪಿನ್ನು ತೆಗೆದು ಅದೇ ತೂತುಗಳಲ್ಲಿ ಗಟ್ಟಿ ಹತ್ತಿ ದಾರ ಹಾಯಿಸಿ ಒಳಗಡೆ ಗಂಟು ಹಾಕಿ. ಒಂದು ಪುಸ್ತಕಕ್ಕೆ ಎರಡು ನಿಮಿಷ. ದೇವದುರ್ಗಕ್ಕೆ ಅದು ಬೇಕಿಲ್ಲ, ಅಲ್ಲಿ ಗೆದ್ದಲು ನೋಡಿಕೊಳ್ಳಿ. ಮೂಲೆ ಪುಸ್ತಕವನ್ನ ಗೋಡೆಗೆ ಒತ್ತಿ ಇಡದೆ, ನೆಲದಿಂದ ಒಂದಡಿ ಮೇಲೆ ಹಗ್ಗ ಕಟ್ಟಿ ನೇತುಹಾಕಿದರೆ ಮುಖಪುಟವೂ ಕಾಣುತ್ತೆ, ಹುಳವೂ ದೂರ. ನುಸಿಗುಳಿಗೆ ಬೇಡ. ಚಿಕ್ಕ ಮಕ್ಕಳು ಪೆಪ್ಪರ್‌ಮೆಂಟ್ ಅಂತ ಬಾಯಿಗೆ ಹಾಕಿಕೊಂಡಾರು.

ನೀಲಿಶಾಯಿ
ಆರು ಡಬ್ಬ ಹಳೇ ಪುಸ್ತಕದ ಬಗ್ಗೆ ಯಾರೂ ಹೇಳಲಿಲ್ಲ. ನಾಳೆಯೇ ಕಳಿಸ್ತಾರಂತೆ.

ಗುಬ್ಬಿಗೂಡು
ಅವರ ಮನೆಬಾಗಿಲಲ್ಲೇ ವಿಂಗಡಿಸಿ, ನಿಮ್ಮಲ್ಲಿಗೆ ತರಬೇಡಿ. ಪ್ರವೇಶ ಪರೀಕ್ಷೆ ಗೈಡು, ಹಳೇ ಪಠ್ಯಕ್ರಮ, ಬರೆದು ತುಂಬಿಸಿದ ವರ್ಕ್‌ಬುಕ್, ಇಂಗ್ಲಿಷ್ ವಿಶ್ವಕೋಶ, ಮತಪ್ರಚಾರದ ಕರಪತ್ರ, ಇವೆಲ್ಲ ಮೊದಲೇ ಬೇರೆ. ಉಳಿದದ್ದನ್ನ ನಡುವೆ ತೆರೆದು ಮೂಸಿ ನೋಡಿ. ಬೂಷ್ಟು ವಾಸನೆ ಬಂದರೆ ಬೇಡ, ಒಂದು ಪುಸ್ತಕದ ಬೂಷ್ಟು ಇಡೀ ಡಬ್ಬಕ್ಕೆ ಹತ್ತುತ್ತೆ. ಕೊನೇ ಪುಟ ಇದೆಯಾ ನೋಡಿ. ಕಥೆಯ ಕೊನೆ ಹರಿದ ಪುಸ್ತಕ ಕೊಟ್ಟರೆ ಮಗು ಇನ್ನೊಂದು ಪುಸ್ತಕ ಮುಟ್ಟಲ್ಲ. ಬೇಡದ್ದನ್ನ ದಾನಿಗಳೇ ರದ್ದಿಗೆ ಹಾಕಿ ಬಂದ ದುಡ್ಡು ಕೊಡಲಿ ಅಂತ ಮುಖ ನೋಡಿಯೇ ಹೇಳಿ. ಬಡ ಮಕ್ಕಳಿಗೆ ಇಷ್ಟು ಸಾಕು ಅನ್ನೋ ಯೋಚನೆ ನನಗೆ ಸಿಟ್ಟು ತರಿಸುತ್ತೆ. ನಮ್ಮ ಮನೆ ಮಗುವಿಗೆ ಕೊಡೋಕೆ ಹಿಂಜರಿಯೋ ಪುಸ್ತಕವನ್ನ ಇನ್ನೊಬ್ಬರ ಮಗುವಿಗೂ ಕೊಡಬಾರದು.

ತಂತ್ರಾಂಶಿ
600 ಪುಸ್ತಕ ಕೊಳ್ಳೋದ್ಯಾಕೆ? ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಪುಕ್ಕಟೆ ಇವೆ. ಪಿಡಿಎಫ್ ಇಳಿಸಿಕೊಂಡು ಮುದ್ರಿಸಿ. ಅಥವಾ ಶಾಲೆಗೆ ಒಂದು ಟ್ಯಾಬ್ ಕೊಟ್ಟರೆ ಸಾವಿರ ಕಥೆ.

ಬಿಸಿಲೂರು
ಟ್ಯಾಬ್ ಯಾರ ಮನಿಗೆ ಹೋಗ್ತದ್ರಿ? ಅದಕ್ಕೂ ಬೀಗಾನೇ.

ಪ್ರೆಸ್‌ಮಸಿ
ಮುದ್ರಿಸೋದು ಒಳ್ಳೆ ದಾರಿ, ಆದರೆ ಎಲ್ಲಕ್ಕೂ ಅಲ್ಲ. ಸ್ಟೋರಿವೀವರ್ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ್ದು, ಕಥೆಗಳಿಗೆ ಸಿಸಿ ಬೈ 4.0 ಪರವಾನಗಿ ಇದೆ. ಮುದ್ರಿಸಬಹುದು, ಹಂಚಬಹುದು, ಆದರೆ ಬರೆದವರು, ಚಿತ್ರ ಬರೆದವರು, ಅನುವಾದಕರ ಹೆಸರಿರೋ ಪುಟ ಬಿಡಬಾರದು. ಜಾಗ ಉಳಿಸೋಕೆ ಅದನ್ನೇ ಕತ್ತರಿಸ್ತಾರೆ, ತಪ್ಪು. ಅಲ್ಲಿ ಓದಿನ ಹಂತಗಳಿವೆ: ಒಂದನೇದು 250 ಪದದೊಳಗೆ, ಎರಡನೇದು 600ರವರೆಗೆ, ಮೂರನೇದು 1,500ರವರೆಗೆ. ಯಾರು ಬೇಕಾದ್ರೂ ಅನುವಾದ ಏರಿಸಬಹುದಾದ್ದರಿಂದ ಕಾಗುಣಿತ ತಪ್ಪಿರೋವೂ ಇವೆ. ಒಂದು ಸಲ ಜೋರಾಗಿ ಓದಿ ಆಮೇಲೆ ಪ್ರೆಸ್ಸಿಗೆ ಕಳಿಸಿ.

ಪುಟ ನಾಲ್ಕರ ಗುಣಕದಲ್ಲಿರಬೇಕು, ಇಲ್ಲಾಂದ್ರೆ ಪಿನ್ನು ಹೊಡೆದಾಗ ಖಾಲಿ ಪುಟ ಉಳಿಯುತ್ತೆ. ಒಳಹಾಳೆ 100 ಜಿಎಸ್‌ಎಂಗಿಂತ ಕಡಿಮೆ ಆದರೆ ಹಿಂದಿನ ಚಿತ್ರ ಮುಂದೆ ಕಾಣುತ್ತೆ. ಒಂದೊಂದು ಶೀರ್ಷಿಕೆಯ ಹತ್ತಿಪ್ಪತ್ತು ಬಣ್ಣದ ಪ್ರತಿಗೆ ಡಿಜಿಟಲ್ ಮುದ್ರಣ ಅಂಗಡಿ ಪುಸ್ತಕಕ್ಕಿಂತ ದುಬಾರಿ ಬೀಳುತ್ತೆ. ಆಫ್‌ಸೆಟ್, ಅಂದರೆ ತಟ್ಟೆ ಮಾಡಿಸಿ ದೊಡ್ಡ ಯಂತ್ರದಲ್ಲಿ ಮುದ್ರಿಸೋದು, ಲಾಭವಾಗೋದು ಸಾವಿರ ಪ್ರತಿ ಮೇಲೆ. ನಿಮ್ಮ ಸಂಖ್ಯೆಗೆ ಕೊಳ್ಳೋದೇ ಸರಿ. ಅಂಗಡಿಯಲ್ಲಿ ಸಿಗದ ನಾಲ್ಕೈದು ಶೀರ್ಷಿಕೆ ಮಾತ್ರ ಮುದ್ರಿಸಿ.

ತಂತ್ರಾಂಶಿ
ಸರಿ, ಒಪ್ಪಿದೆ. ಹಳೇ ಶಿಶುಗೀತೆಗಳನ್ನ ಸೇರಿಸಿ ಒಂದು ಚಿಕ್ಕ ಪುಸ್ತಕ ಮಾಡಬಹುದಲ್ಲ, ಅವಕ್ಕೆ ಯಾರ ಹಕ್ಕೂ ಇರಲ್ವಲ್ಲ?

ರ್‍ಯಾಕ್‌ನಂಬರ್7
ಹಾಗೆ ಹೇಳೋಕಾಗಲ್ಲ. ನಮ್ಮಲ್ಲಿ ಕವಿ ತೀರಿದ ಮೇಲೆ 60 ವರ್ಷ ಹಕ್ಕು ಇರುತ್ತೆ. ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡರು, ಅವರದ್ದು ಮುಕ್ತ. ಜಿ.ಪಿ. ರಾಜರತ್ನಂ 1979ರಲ್ಲಿ, ಅಂದರೆ 2039ರ ಕೊನೆಯವರೆಗೆ ಹಕ್ಕು ಇದೆ. ಎಲ್ಲರ ಬಾಯಲ್ಲೂ ಇರೋ ಪದ್ಯ ಅಂತ ಅಚ್ಚು ಹಾಕಿಬಿಡಬೇಡಿ, ಹಕ್ಕುದಾರರನ್ನ ಕೇಳಿ.

ಅಂಚೆಚೀಟಿ
ಸಾಗಣೆಗೆ ಅಂಚೆ ಇಲಾಖೆಯ ಜ್ಞಾನ ಪೋಸ್ಟ್ ಬಳಸಿ. 2025ರ ಮೇ 1ರಿಂದ ಶುರುವಾಗಿದೆ. 300 ಗ್ರಾಮಿಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಎಲ್ಲಿದೆ ಅಂತ ಟ್ರ್ಯಾಕ್ ಮಾಡಬಹುದು. ರಸ್ತೆ, ರೈಲಿನ ಮೇಲೆ ಹೋಗೋದರಿಂದ ನಿಧಾನ, ಕಾರ್ಯಕ್ರಮದ ದಿನಕ್ಕಿಂತ ಹದಿನೈದು ದಿನ ಮೊದಲೇ ಕಳಿಸಿ. ಪುಸ್ತಕದ ಮೇಲೆ ಪ್ರಕಾಶಕರದ್ದೋ ಮುದ್ರಕರದ್ದೋ ಹೆಸರಿರಬೇಕು, ಜಾಹೀರಾತು ಇರಬಾರದು. ನೀವೇ ಮುದ್ರಿಸಿದ್ದರೆ ಪ್ರೆಸ್ಸಿನ ಹೆಸರು ಹಾಕಿಸೋದು ಮರೀಬೇಡಿ.

ತೆಳು ಪುಸ್ತಕ ಒಂದಕ್ಕೆ 80 ಗ್ರಾಂ ಹಿಡಿದರೆ ಕಟ್ಟಿಗೆ 55. ಸುತ್ತೋ ಕಾಗದದ ತೂಕವೂ 5 ಕಿಲೋ ಒಳಗೇ ಬರಬೇಕು. 400 ಪುಸ್ತಕಕ್ಕೆ 8 ಕಟ್ಟು, 800 ರೂಪಾಯಿ ಮತ್ತು ತೆರಿಗೆ. ಮೊದಲು ಪ್ಲಾಸ್ಟಿಕ್ ಚೀಲ, ಮೇಲೆ ಕಂದು ಕಾಗದ. ಮೂಲೆಗಳಿಗೆ ರಟ್ಟು ಕೊಡಿ, ಏಟು ಬೀಳೋದು ಅಲ್ಲೇ.

ಡಲ್ಲಾಸ್‌ಕನ್ನಡಿಗ
ಇಲ್ಲಿಂದ ಮಕ್ಕಳ ಇಂಗ್ಲಿಷ್ ಪುಸ್ತಕ ಹಡಗಲ್ಲಿ ಕಳಿಸಬಹುದಾ? ಬಹಳ ಇವೆ, ಎಲ್ಲ ಹೊಸದರ ಹಾಗೇ ಇವೆ.

ಗುಬ್ಬಿಗೂಡು
ಬೇಡ ಅಣ್ಣ. ಹಿಮ, ಕುಂಬಳಕಾಯಿ ದೀಪದ ಕಥೆಯನ್ನ ಕನ್ನಡವೇ ಕೂಡಿಸಿ ಓದೋ ಮಗು ಏನು ಮಾಡಬೇಕು? ಹಡಗಿನ ಬಾಡಿಗೆಗೆ ಇಲ್ಲಿ ಕನ್ನಡ ಪುಸ್ತಕ ಬರುತ್ತೆ.

ರ್‍ಯಾಕ್‌ನಂಬರ್7
ದುಡ್ಡು ಕಳಿಸೋದಾದರೆ ಒಂದು ಎಚ್ಚರ. ನೀವಿನ್ನೂ ಭಾರತದ ಪಾಸ್‌ಪೋರ್ಟಿನವರಾಗಿದ್ದು, ಸ್ವಂತ ಉಳಿತಾಯವನ್ನ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆ ಅಲ್ಲ. ಒಸಿಐ (ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರು) ಆಗಿದ್ದರೆ ವಿದೇಶಿ ವಂತಿಗೆ, ತಗೊಳ್ಳೋ ಸಂಸ್ಥೆಗೆ ವಿದೇಶಿ ವಂತಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇರಲೇಬೇಕು. ಕನ್ನಡ ಸಂಘದ ಖಾತೆಯಿಂದ ಬಂದರೂ ಅಷ್ಟೇ. ಇಲ್ಲಿಯವರಿಗೂ ಒಂದು ಮಾತು: ವಸ್ತು ರೂಪದ ದಾನಕ್ಕೆ ಆದಾಯ ತೆರಿಗೆ ರಿಯಾಯಿತಿ ಇಲ್ಲ, 2,000 ಮೀರಿದ ನಗದಿಗೂ ಇಲ್ಲ.

ಜತ್ತಗಡಿ
ಕನ್ನಡ ಪುಸ್ತಕ ಕೊಡಾವ್ರು ನಮ್ಮನ್ನೂ ನೆನಪ ಇಟ್ಕೋರಿ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟ ಕಡೆ ಕನ್ನಡ ಮಾಧ್ಯಮ ಸಾಲಿ ಅದಾವ, ಕಾಸರಗೋಡದಾಗೂ ಅದಾವ. ಪಠ್ಯ ಆಯಾ ರಾಜ್ಯದವ್ರು ಕೊಡ್ತಾರ, ಖರೆ ಕನ್ನಡ ಕಥಿಪುಸ್ತಕ ಪ್ಯಾಟಿ ಅಂಗಡ್ಯಾಗ ಸಿಗಂಗಿಲ್ಲ. ಕರ್ನಾಟಕದ ಗ್ರಾಮ ಪಂಚಾಯತಿ ಅರಿವು ಕೇಂದ್ರ, ಅಂದ್ರ ಊರ ಗ್ರಂಥಾಲಯ, ನಮಗಿಲ್ಲ.

ನೀಲಿಶಾಯಿ
ಖಂಡಿತ, ಮುಂದಿನ ಸಲದ ಪಟ್ಟಿಗೆ ಬರೆದುಕೊಂಡೆ. ಅರಿವು ಕೇಂದ್ರ ಅಂದಾಗ ಜ್ಞಾಪಕ ಬಂತು, ದೇವದುರ್ಗದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಸಿಗುತ್ತಾ?

ಸುಣ್ಣದಗೋಡೆ
ಸಿಗುತ್ತೆ. 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ. ಪುಸ್ತಕ ಹಂಚೋ ದಿನವೇ ಮೇಲ್ವಿಚಾರಕರನ್ನ ಶಾಲೆಗೆ ಕರೆಸಿ, ಅರ್ಜಿ ಅಲ್ಲೇ ತುಂಬಿಸಿ. ರಜೆಯಲ್ಲಿ ಮಕ್ಕಳಿಗೆ ಅದೊಂದೇ ತೆರೆದ ಬಾಗಿಲು.

ಆರುಚುಕ್ಕಿ
140ರಲ್ಲಿ ದೃಷ್ಟಿದೋಷದ ಮಕ್ಕಳಿದ್ದಾರಾ ಕೇಳಿ. ಮಂದದೃಷ್ಟಿಗೆ 24 ಪಾಯಿಂಟ್ ಮೇಲ್ಪಟ್ಟ ಅಕ್ಷರ, ಹೊಳಪಿಲ್ಲದ ಕಾಗದ. ಪೂರ್ತಿ ಕಾಣದ ಮಗುವಿಗೆ ಮಾಮೂಲಿ ಚಿತ್ರಪುಸ್ತಕದ ಮೇಲೇ ಪಾರದರ್ಶಕ ಹಾಳೆಯಲ್ಲಿ ಬ್ರೈಲ್ ಒತ್ತಿ ಅಂಟಿಸಬಹುದು. ಆಗ ಅಕ್ಕ ಕಣ್ಣಲ್ಲಿ, ತಮ್ಮ ಬೆರಳಲ್ಲಿ ಒಂದೇ ಪುಸ್ತಕ ಓದ್ತಾರೆ. ಇದಕ್ಕೆ ಪ್ರಕಾಶಕರ ಅನುಮತಿ ಬೇಕಿಲ್ಲ, ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯಲ್ಲಿ ಅವಕಾಶ ಇದೆ.

ನೀಲಿಶಾಯಿ
ಇದು ನಮ್ಮ ತಲೆಗೇ ಬಂದಿರಲಿಲ್ಲ, ಕೇಳ್ತೀನಿ. ಹಾಗಾದರೆ ಜೂನ್ ಕೊನೆಗೆ ಓದಿನ ಪರೀಕ್ಷೆ, ಆಗ ಇಲ್ಲದವರಿಗೆ ಹಂಚೋ ದಿನ ಬೆಳಗ್ಗೆ. ಜುಲೈ ನಡುವೆ ಮೊದಲ ಕಂತು. ಬ್ಯಾನರ್ ಇಲ್ಲ. ಕೊನೇ ಪ್ರಶ್ನೆ: ಪುಸ್ತಕದ ಮೇಲೆ ನಮ್ಮ ಗುಂಪಿನ ಮುದ್ರೆ ಹಾಕಬೇಕಾ?

ಗುಬ್ಬಿಗೂಡು
‘ಉಚಿತ’ ಅಂತಲೋ ‘ದಾನಿಗಳು’ ಅಂತಲೋ ಎಲ್ಲೂ ಬೇಡ. ಒಳಪುಟದಲ್ಲಿ ‘ಈ ಪುಸ್ತಕ ನನ್ನದು’ ಅಂತ ಒಂದು ಚೀಟಿ, ಕೆಳಗೆ ಖಾಲಿ ಗೆರೆ. ಹೆಸರು ಮಗುವೇ ಬರೀಲಿ, ಅಕ್ಷರ ಬರದಿದ್ದರೆ ಚಿತ್ರ ಬಿಡಿಸಲಿ.

ಪ್ರೆಸ್‌ಮಸಿ
ಚೀಟಿ ಮಾಮೂಲಿ ಮ್ಯಾಪ್‌ಲಿಥೊ ಕಾಗದದಲ್ಲಿ ಮಾಡಿಸಿ, ನುಣುಪು ಹಾಳೆ ಮೇಲೆ ಜೆಲ್ ಪೆನ್ನು ಹರಡುತ್ತೆ. ಬಾಲ್ ಪೆನ್ನು ಹತ್ತು ಒಯ್ಯಿರಿ. ಹತ್ತು ಮಕ್ಕಳು ಒಟ್ಟಿಗೆ ಬರೀತಾರೆ.